ಹೊರೆ ಹಂಚುವ ವಿದ್ಯೆ



ಕಂಪ್ಯೂಟರ್ ಓದುತ್ತಿರುವ ನಿಮ್ಮಲ್ಲಿ ಹಲವರು ನಾಳೆ ದೊಡ್ಡ ಡೇಟಾಬೇಸ್‌ಗಳ ಹೊಣೆ ಹೊರುವವರು. ಆದ್ದರಿಂದ ನೋಡಲು ಸಣ್ಣದಾದರೂ ದುಬಾರಿಯಾಗಬಲ್ಲ ಒಂದು ತಪ್ಪಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ವಿದ್ಯಾರ್ಥಿವೇತನದ ಅರ್ಜಿ ಪಡೆಯಲು ಹತ್ತು ಕೌಂಟರ್‌ಗಳಿವೆ ಎನ್ನಿ. 1ರಿಂದ 1000ದವರೆಗಿನ ಕ್ರಮಸಂಖ್ಯೆ ಮೊದಲನೆಯದಕ್ಕೆ, ಮುಂದಿನ ಸಾವಿರ ಎರಡನೆಯದಕ್ಕೆ. ಸಂಖ್ಯೆಯನ್ನು ಬಂದ ಸರದಿಯಂತೆ ಕೊಟ್ಟರೆ ಏನಾಗುತ್ತದೆ? ಇಂದು ಬಂದವರೆಲ್ಲ ಒಂದೇ ಕೌಂಟರಿನ ಮುಂದೆ ನಿಲ್ಲುತ್ತಾರೆ. ಉಳಿದ ಒಂಬತ್ತು ಕಡೆ ಗುಮಾಸ್ತರು ಕೈಕಟ್ಟಿ ಕುಳಿತಿರುತ್ತಾರೆ.

ಗೂಗಲ್ 2006ರಲ್ಲಿ ಪ್ರಕಟಿಸಿದ ಬಿಗ್‌ಟೇಬಲ್ ಪ್ರಬಂಧದ ಮಾದರಿಯಲ್ಲಿ ರೂಪುಗೊಂಡ ಎಚ್‌ಬೇಸ್‌ನಲ್ಲಿಯೂ ಹೀಗೆಯೇ. ಅಲ್ಲಿ ಸಾಲುಗಳು ಕೀಯ ಅನುಕ್ರಮದಲ್ಲಿರುತ್ತವೆ. ಆ ಅನುಕ್ರಮದ ಒಂದೊಂದು ತುಂಡಿಗೆ ರೀಜನ್ ಎಂದು ಹೆಸರು. ಪ್ರತಿ ರೀಜನ್ ಒಂದು ಸರ್ವರ್‌ನ ವಶದಲ್ಲಿರುತ್ತದೆ. ನಾವೇನೂ ಹೇಳದಿದ್ದರೆ ಹೊಸ ಟೇಬಲ್ ಒಂದೇ ರೀಜನ್‌ನಿಂದ ಆರಂಭವಾಗುತ್ತದೆ.

ಅದು ಬೆಳೆದಾಗ ತಾನಾಗಿಯೇ ಎರಡಾಗುತ್ತದಲ್ಲ ಎಂದು ನೀವು ಕೇಳಬಹುದು. ನಿಜ, ಎರಡಾಗುತ್ತದೆ. ಆದರೆ ಕೀ ಏರುಕ್ರಮದ ಸಂಖ್ಯೆಯೋ ಸಮಯವೋ ಆಗಿದ್ದರೆ ಹೊಸ ಸಾಲುಗಳೆಲ್ಲ ಕೊನೆಯ ತುಂಡಿಗೇ ಸೇರುತ್ತವೆ. ಬ್ಯಾಲೆನ್ಸರ್ ಆ ತುಂಡನ್ನು ಇನ್ನೊಂದು ಸರ್ವರ್‌ಗೆ ಸಾಗಿಸಿದರೂ ಹೊರೆಯೂ ಅದರ ಹಿಂದೆಯೇ ಹೋಗುತ್ತದೆ. ಹತ್ತಿದ್ದ ಸರ್ವರ್‌ಗಳನ್ನು ಇಪ್ಪತ್ತು ಮಾಡಿದರೂ ಬರೆಯುವ ಕೆಲಸ ಮಾಡುವುದು ಒಂದೇ. ಹಣ ಮಾತ್ರ ಇಪ್ಪತ್ತಕ್ಕೆ ಖರ್ಚು.

ಪರಿಹಾರ ಎರಡು ಹೆಜ್ಜೆಗಳಲ್ಲಿದೆ. ಮೊದಲನೆಯದು, ಕೀಯ ಹ್ಯಾಶ್‌ನಿಂದ 0ಯಿಂದ 9ರವರೆಗಿನ ಒಂದು ಅಂಕಿ ಪಡೆದು ಕೀಯ ಮುಂದೆ ಸೇರಿಸಿ. ಎರಡನೆಯದು, ಟೇಬಲ್ ರಚಿಸುವಾಗಲೇ ಆ ಅಂಕಿಗಳ ಗಡಿಯಲ್ಲಿ ಹತ್ತು ರೀಜನ್‌ಗಳಾಗಿ ವಿಭಜಿಸಿ. ಆಗ ಬರುವ ಸಾಲುಗಳು ಹತ್ತೂ ಕಡೆ ಹಂಚಿಹೋಗುತ್ತವೆ. ಒಬ್ಬ ವಿದ್ಯಾರ್ಥಿಯ ದಾಖಲೆ ಬೇಕಾದರೆ ಅದೇ ಲೆಕ್ಕ ಮಾಡಿ ನೇರವಾಗಿ ತೆಗೆಯಬಹುದು.

ಇದಕ್ಕೂ ಬೆಲೆ ಇದೆ. ಒಂದು ದಿನದ ಎಲ್ಲ ಅರ್ಜಿಗಳನ್ನು ಸಾಲಾಗಿ ಓದಬೇಕಾದರೆ ಈಗ ಹತ್ತು ಕಡೆ ಓದಿ ಜೋಡಿಸಬೇಕು. ಆದ್ದರಿಂದ ನಿಮ್ಮ ಟೇಬಲ್‌ನಲ್ಲಿ ಬರೆಯುವ ಕೆಲಸ ಹೆಚ್ಚೋ, ಸಾಲಾಗಿ ಓದುವ ಕೆಲಸ ಹೆಚ್ಚೋ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಟೇಬಲ್ ತುಂಬಿದ ಮೇಲೆ ಕೀ ಬದಲಿಸುವುದೆಂದರೆ ಎಲ್ಲವನ್ನೂ ಹೊಸದಾಗಿ ಬರೆದಂತೆ.

ವಿದ್ಯಾರ್ಥಿಗಳೇ, ವ್ಯವಸ್ಥೆ ನಿಧಾನವಾದಾಗ ಹೊಸ ಯಂತ್ರ ಕೇಳುವುದು ಸುಲಭ. ಅದಕ್ಕೂ ಮೊದಲು ಇರುವ ಯಂತ್ರಗಳಲ್ಲಿ ಯಾವುದು ದುಡಿಯುತ್ತಿದೆ, ಯಾವುದು ಸುಮ್ಮನಿದೆ ಎಂದು ನೋಡುವವರೇ ಒಳ್ಳೆಯ ಇಂಜಿನಿಯರ್‌ಗಳು. ನೀವು ಅಂಥವರಾಗಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.