ಕರುಳಿನ ಕ್ಯಾನ್ಸರ್: ಹೊಟ್ಟೆ ಕೊಯ್ಯಬೇಕೆ, ರಂಧ್ರ ಸಾಕೆ?



ನಾನು ಡಾಕ್ಟರಲ್ಲ, ಪಾಠ ಹೇಳುವವನು. ಆದರೂ ಈ ವಿಷಯ ಆರಿಸಿಕೊಂಡಿದ್ದೇನೆ. ಮಲದಲ್ಲಿ ರಕ್ತ ಕಂಡರೆ ನಮ್ಮ ಮನೆಗಳಲ್ಲಿ ‘ಬವಾಸೀರ್’, ಮೂಲವ್ಯಾಧಿ ಎಂದು ಮುಲಾಮು ಹಚ್ಚಿ ಸುಮ್ಮನಾಗುತ್ತಾರೆ. ನಾಚಿಕೆ ಬೇರೆ. ಅದು ದೊಡ್ಡ ಕರುಳಿನ ಅಥವಾ ಗುದನಾಳದ ಕ್ಯಾನ್ಸರ್ ಎಂದು ತಿಳಿಯುವಷ್ಟರಲ್ಲಿ ತಡವಾಗಿರುವುದುಂಟು. ಆಗ ಹೊಟ್ಟೆ ಕೊಯ್ಯಿಸುವುದೋ, ಲ್ಯಾಪರೊಸ್ಕೋಪಿಯೋ, ರೋಬೋಟೋ ಎಂಬ ಚರ್ಚೆ. ರೋಬೋಟ್ ಎಂದ ಕೂಡಲೆ ಒಡವೆ ಅಡವಿಡುವ ಮಾತು.

ಲ್ಯಾಪರೊಸ್ಕೋಪಿಯಲ್ಲಿ ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸಿ, ನಾಲ್ಕೈದು ಸಣ್ಣ ರಂಧ್ರಗಳಿಂದ ಕ್ಯಾಮೆರಾ ಮತ್ತು ಸಲಕರಣೆ ಒಳಬಿಟ್ಟು, ಪರದೆ ನೋಡುತ್ತ ಕೆಲಸ ಮಾಡುತ್ತಾರೆ. ಕತ್ತರಿಸಿದ ಕರುಳನ್ನು ಹೊರತೆಗೆಯಲು ಸಾಮಾನ್ಯವಾಗಿ ಒಂದು ಗಾಯ ಸ್ವಲ್ಪ ದೊಡ್ಡದೇ ಆಗುತ್ತದೆ. ಹೀಗೆ ಮಾಡಿದರೆ ರೋಗ ಪೂರ್ತಿ ಹೋಗುತ್ತದೆಯೇ ಎಂಬ ಅನುಮಾನ ಡಾಕ್ಟರರಿಗೇ ಇತ್ತು. ಅಮೆರಿಕ, ಕೆನಡಾಗಳ 872 ರೋಗಿಗಳ ಅಧ್ಯಯನ 2004ರಲ್ಲಿ ಉತ್ತರ ಕೊಟ್ಟಿತು. ಮೂರು ವರ್ಷದಲ್ಲಿ ರೋಗ ಮರುಕಳಿಸಿದ್ದು ಲ್ಯಾಪರೊಸ್ಕೋಪಿಯಲ್ಲಿ ಶೇ. 16, ಹೊಟ್ಟೆ ಕೊಯ್ದವರಲ್ಲಿ ಶೇ. 18, ಹೆಚ್ಚುಕಡಿಮೆ ಒಂದೇ. ಆಸ್ಪತ್ರೆವಾಸ 6 ದಿನದ ಬದಲು 5.

ಗುದನಾಳದ ಮಾತು ಬೇರೆ. ಅದು ಸೊಂಟದ ಎಲುಬಿನ ಇಕ್ಕಟ್ಟಿನಲ್ಲಿದೆ; ಮೂತ್ರದ, ದಾಂಪತ್ಯದ ನರಗಳು ಪಕ್ಕದಲ್ಲೇ ಇವೆ. ಮಣಿಕಟ್ಟಿನಂತೆ ತಿರುಗುವ ರೋಬೋಟ್ ಸಲಕರಣೆಗೆ ಅಲ್ಲಿ ಅನುಕೂಲ. (ಯಂತ್ರ ತಾನಾಗಿ ಕೊಯ್ಯುವುದಿಲ್ಲ, ಸರ್ಜನ್ ಕೈ ಆಡಿಸಿದಂತೆ ಆಡುತ್ತದೆ.) ಆದರೆ 2017ರ ಅಧ್ಯಯನದಲ್ಲಿ ಅರ್ಧದಲ್ಲಿ ಹೊಟ್ಟೆ ಕೊಯ್ಯಬೇಕಾದದ್ದು ರೋಬೋಟಿನಲ್ಲಿ ಶೇ. 8.1, ಲ್ಯಾಪರೊಸ್ಕೋಪಿಯಲ್ಲಿ ಶೇ. 12.2. 471 ಜನರಲ್ಲಿ ಈ ಅಂತರ ಮೇಲುಗೈ ಎನ್ನಲು ಸಾಲದು. ಚೀನಾದ ನುರಿತ ಸರ್ಜನ್‌ಗಳ ಅಧ್ಯಯನ 2025ರಲ್ಲಿ ಗುದನಾಳದ ಮಧ್ಯ, ಕೆಳಭಾಗದ ಗಡ್ಡೆಗೆ ರೋಬೋಟೇ ಮೇಲೆಂದಿತು. ಅಂಥ ಗಡ್ಡೆಗಾದರೆ ಯೋಚಿಸೋಣ. ಮೇಲಿನ ಕರುಳಿಗೆ ಸಾಲ ಮಾಡಿ ರೋಬೋಟ್ ಬೇಡವೆಂದೇ ನನ್ನ ಅಭಿಪ್ರಾಯ.

ಯಂತ್ರದ ಹೆಸರಿಗಿಂತ ಮೊದಲು, ‘ಈ ಆಪರೇಷನ್ ಎಷ್ಟು ಮಾಡಿದ್ದೀರಿ ಸಾರ್?’ ಎಂದು ಕೇಳಿ. ಆಮೇಲೆ ಬರುವ ಲ್ಯಾಬ್ ವರದಿಯಲ್ಲಿ ಕತ್ತರಿಸಿದ ಅಂಚಿನಲ್ಲಿ ರೋಗವಿಲ್ಲವೇ, ಕನಿಷ್ಠ 12 ದುಗ್ಧಗ್ರಂಥಿ ಪರೀಕ್ಷಿಸಿದ್ದಾರೆಯೇ ಎಂದು ಕೇಳಿ.

ಇನ್ನೂ ಚಿಕ್ಕ ದಾರಿಯೊಂದಿದೆ. ಕ್ಯಾನ್ಸರ್ ಆಗುವ ಮೊದಲಿನ ಗಂಟನ್ನು, ಅಂದರೆ ಪಾಲಿಪ್ ಅನ್ನು, ಹೆಚ್ಚಾಗಿ ಕೊಲೊನೋಸ್ಕೋಪಿಯಲ್ಲೇ ತೆಗೆಯುತ್ತಾರೆ. ಹೊಟ್ಟೆಯ ಮೇಲೆ ಒಂದು ಗೀರೂ ಇಲ್ಲ.

ಕುಂದಲಹಳ್ಳಿಯ ಸುತ್ತ ದೊಡ್ಡ ಖಾಸಗಿ ಆಸ್ಪತ್ರೆಗಳಿವೆ, ಸರಿ. ಹೊಸೂರು ರಸ್ತೆಯಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯೂ ಇದೆ. ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನದು. ಅವರು ಯಾರೆಂದು ಮಕ್ಕಳು ಓದಿಕೊಳ್ಳಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ಹೋಗುವಾಗ ರೇಷನ್ ಕಾರ್ಡ್, ಆಧಾರ್ ಮರೆಯದೆ ಒಯ್ಯಿರಿ.