ವೀಲುನಾಮೆ ಮತ್ತು ಮಗಳ ಪಾಲು

ಸಹೋದರರೇ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಮ್ಮ ಮನೆಗಳಲ್ಲಿ ತಂದೆ ತೀರಿಕೊಂಡ ಮೇಲೆ ಅಡಿಕೆ ತೋಟದ ಮಾತು ಬರುತ್ತದೆ. ಆಗ ಒಂದು ವೀಲುನಾಮೆ ಹೊರಬೀಳುತ್ತದೆ, ತೋಟವೆಲ್ಲ ಗಂಡುಮಕ್ಕಳಿಗೆಂದು. ರಿಜಿಸ್ಟರ್ ಆಗಿದೆಯಲ್ಲ ಎನ್ನುತ್ತೇವೆ. ರಿಜಿಸ್ಟರ್ ಆದರೂ ಶರೀಅತ್‌ನ ಮಿತಿ ಬದಲಾಗುವುದಿಲ್ಲ.

ಸಅದ್ ಬಿನ್ ಅಬೀ ವಕ್ಕಾಸ್(ರ) ಕಾಯಿಲೆ ಬಿದ್ದಾಗ ಸಂಪತ್ತಿನ ಹೆಚ್ಚಿನ ಭಾಗವನ್ನು ದಾನ ಮಾಡಲು ಹೊರಟರು. ಪ್ರವಾದಿ(ಸ) ಅದನ್ನು ಮೂರನೇ ಒಂದಕ್ಕೆ ನಿಲ್ಲಿಸಿದರು, ಅದೂ ಹೆಚ್ಚೇ ಎಂದರು. ಆಗ ಸಅದ್‌ರಿಗಿದ್ದದ್ದು ಒಬ್ಬಳೇ ಮಗಳು. ಆ ಮಿತಿ ಉಳಿಸಿದ್ದು ಒಬ್ಬ ಮಗಳ ಪಾಲನ್ನು ಎಂಬುದನ್ನು ನಾವು ಗಮನಿಸುವುದೇ ಇಲ್ಲ.

ವಾರಸುದಾರರಿಗೇ ವಸಿಯ್ಯತ್ ಮಾಡಿದ್ದರೆ, ಮರಣಾನಂತರ ಉಳಿದ ವಾರಸುದಾರರು ಒಪ್ಪಬೇಕು. ತಂಗಿಯನ್ನು ಕಾರಿನಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ಒಪ್ಪಿಗೆಯೇ? ಸಹಿ ಹಾಕದಿದ್ದರೆ ತವರಿನ ಬಾಗಿಲು ಮುಚ್ಚೀತೆಂಬ ಹೆದರಿಕೆ ಅವಳದು. ಮದುವೆಗೆ ಚಿನ್ನ ಹಾಕಿದ್ದೇವಲ್ಲ ಎನ್ನುವವರಿದ್ದಾರೆ. ಅನ್ನಿಸಾ ಅಧ್ಯಾಯದ 11ನೇ ಸೂಕ್ತ ಮಗನ ಪಾಲಿನ ಅರ್ಧವನ್ನು ಮಗಳಿಗೆ ಗೊತ್ತುಮಾಡಿದೆ. ಅದರಿಂದ ಕಳೆಯಲು ಹೇಳಿದ್ದು ಸಾಲ ಮತ್ತು ವಸಿಯ್ಯತ್ತನ್ನು, ಮದುವೆಯ ಚಿನ್ನವನ್ನಲ್ಲ.

ತೋಟ ಹೋಳಾಗುವ ಚಿಂತೆಯಿದ್ದರೆ ಇಂದಿನ ಬೆಲೆ ಕಟ್ಟಿಸಿ ಅವಳ ಪಾಲಿನ ಹಣ ಕೊಡೋಣ, ಆಮೇಲೆ ಸಹಿ ಕೇಳೋಣ.