ಗ್ಯಾಸ್ ಗೀಸರ್ ಕೆಟ್ಟಾಗ ಮೊದಲು ನೋಡಬೇಕಾದುದು



ಶಿಡ್ಲಘಟ್ಟ ಸೀಮೆಯಲ್ಲಿ ಹಿಪ್ಪುನೇರಳೆ ಕಡ್ಡಿ ಉರಿಸಿ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದ ಅನೇಕ ಬಚ್ಚಲುಮನೆಗಳಿಗೆ ಗ್ಯಾಸ್ ಗೀಸರ್ ಬಂದಿದೆ. ಹೊಗೆಯ ಕಾಟ ತಪ್ಪಿತು, ಸೌದೆ ಹೊರುವ ಶ್ರಮ ಉಳಿಯಿತು. ಇದು ಸಣ್ಣ ಲಾಭವಲ್ಲ. ಆದರೆ ಹಂಡೆಯಲ್ಲಿ ಕೆಡುವಂಥದ್ದು ಏನೂ ಇರಲಿಲ್ಲ. ಗೀಸರ್ ಕೆಟ್ಟೊಡನೆ ಜನ ಸಿಲಿಂಡರನ್ನು ಶಂಕಿಸುತ್ತಾರೆ. ಈ ಭಾಗದಲ್ಲಿ ಮೊದಲು ಶಂಕಿಸಬೇಕಾದುದು ನೀರನ್ನು.

ನೀರಿನ ಒತ್ತಡವೇ ಯಂತ್ರದೊಳಗಿನ ರಬ್ಬರ್ ಪೊರೆಯನ್ನು ತಳ್ಳಿ ಅನಿಲದ ಕವಾಟವನ್ನು ತೆರೆಯುತ್ತದೆ. ಟ್ಯಾಂಕ್ ಗೀಸರಿಗಿಂತ ಹತ್ತು ಅಡಿ ಮೇಲಿದ್ದರೂ ದೊರೆಯುವ ಒತ್ತಡ ಸುಮಾರು 0.3 ಬಾರ್ ಮಾತ್ರ. ತಾರಸಿಯ ನೆಲದ ಮೇಲೆಯೇ ಟ್ಯಾಂಕ್ ಇಟ್ಟ ಮನೆಯಲ್ಲಿ ಅಷ್ಟೂ ಸಿಗದು. ನಲ್ಲಿ ತಿರುಗಿಸಿದಾಗ ಟಿಕ್ ಟಿಕ್ ಎಂಬ ಕಿಡಿಯ ಸದ್ದು ಕೇಳಿಸದಿದ್ದರೆ ದೋಷ ನೀರಿನ ಒತ್ತಡದಲ್ಲಿ ಅಥವಾ ಬ್ಯಾಟರಿ ಸೆಲ್ಲುಗಳಲ್ಲಿ ಇರುವ ಸಂಭವ ಹೆಚ್ಚು. ಕೊಳವೆಬಾವಿಯ ಮರಳು ಒಳಬರುವ ಪೈಪಿನ ಜಾಲರಿಯನ್ನು ಮುಚ್ಚಿದ್ದರೂ ಹೀಗೇ ಆಗುತ್ತದೆ. ಸದ್ದು ಕೇಳಿಸಿಯೂ ಉರಿ ಹತ್ತದಿದ್ದರೆ ಆಗ ಸಿಲಿಂಡರ್, ರೆಗ್ಯುಲೇಟರುಗಳತ್ತ ನೋಡಬೇಕು. ಹೋಟೆಲ್ ಒಲೆಯ ಹೆಚ್ಚು ಒತ್ತಡದ ರೆಗ್ಯುಲೇಟರನ್ನು ಇದಕ್ಕೆ ಜೋಡಿಸುವುದು ಮಾತ್ರ ಸರ್ವಥಾ ಕೂಡದು.

ಎರಡನೆಯ ತೊಂದರೆ ನೆಲದಾಳದಿಂದಲೇ ಬರುವಂಥದು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆ ಆಳದ ಕೊಳವೆಬಾವಿಗಳನ್ನು ನಂಬಿದೆ. ಕಲ್ಲಿನ ಪದರಗಳ ನಡುವೆ ಬಹುಕಾಲ ನಿಂತ ನೀರು ಗಡಸಾಗುತ್ತದೆ. ಗಡಸು ನೀರು ನೂಲಿನ ಗುಣವನ್ನೇ ಕೆಡಿಸುತ್ತದೆಂಬುದು ರೇಷ್ಮೆ ಬಿಚ್ಚುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕವು ಲೀಟರಿಗೆ 200 ಮಿಲಿಗ್ರಾಂ ಮಿತಿಯನ್ನು ಇಟ್ಟಿದೆ, ಬೇರೆ ಜಲಮೂಲವಿಲ್ಲದ ಕಡೆ 600. ಇಂಥ ನೀರು ಕಾದಾಗ ಸುಣ್ಣದ ಅಂಶ ಬೇರ್ಪಟ್ಟು ತಾಮ್ರದ ಕೊಳವೆಯೊಳಗೆ ಪದರಗಟ್ಟುತ್ತದೆ. ಧಾರೆ ಸಣ್ಣದಾಗುತ್ತದೆ, ಒಳಗೆ ಕುದಿಯುವ ಸದ್ದು ಬರುತ್ತದೆ, ಯಂತ್ರ ನಡುವೆಯೇ ಆರುತ್ತದೆ. ಪದರವನ್ನು ಸಿಟ್ರಿಕ್ ಆಮ್ಲದ, ಅಂದರೆ ನಿಂಬೆ ಉಪ್ಪಿನ, ದ್ರಾವಣದಿಂದ ತಿಳಿದವರ ಕೈಯಲ್ಲಿ ತೆಗೆಸಬಹುದು. ಶೌಚಾಲಯ ತೊಳೆಯುವ ಆಸಿಡ್ ಹಾಕಿದರೆ ಪದರದೊಡನೆ ಕೊಳವೆಯೂ ಸವೆದೀತು. ನೀರು ಹೆಚ್ಚು ಕಾದಷ್ಟೂ ಪದರ ಬೇಗ ಕಟ್ಟುವುದರಿಂದ, ಕುದಿಯುವಂತೆ ಕಾಯಿಸಿ ತಣ್ಣೀರು ಬೆರೆಸುವ ಬದಲು ಹದವಾಗಿಯೇ ಕಾಯಿಸುವುದು ಲೇಸು.

ಇಷ್ಟೂ ದೋಷಗಳು ಸ್ನಾನವನ್ನು ತಡಮಾಡುತ್ತವೆ, ಅಷ್ಟೆ. ಪ್ರಾಣ ತೆಗೆಯುವ ದೋಷವು ಸರಿಯಾಗಿ ಉರಿಯುತ್ತಿರುವ ಗೀಸರಿನ ಬಳಿಯೂ ಇರಬಲ್ಲುದು. ಹಳೆಯ ಬಚ್ಚಲಿನ ಹೆಂಚಿನ ಸಂದು, ಹೊಗೆಗಂಡಿ, ಬಾಗಿಲ ಕೆಳಗಿನ ತೆರಪು ತಾವಾಗಿಯೇ ಗಾಳಿ ತರುತ್ತಿದ್ದವು. ಈಗಿನ ತಾರಸಿಯ ಸ್ನಾನಗೃಹದಲ್ಲಿ ಪ್ಲಾಸ್ಟಿಕ್ ಬಾಗಿಲು ಬಿಗಿಯಾಗಿ ಕೂರುತ್ತದೆ. ಚಳಿಗೆಂದು ಕಿಟಕಿಯನ್ನೂ ಮುಚ್ಚುತ್ತಾರೆ. ಆಮ್ಲಜನಕ ಕಡಿಮೆಯಾದಂತೆ ಅನಿಲ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದು ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟುತ್ತದೆ. ಸೋರುವ ಅಡುಗೆ ಅನಿಲವನ್ನು ಬೆರೆಸಿದ ವಾಸನೆ ಹಿಡಿದುಕೊಡುತ್ತದೆ. ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುತ್ತದೆ, ಮಂಡಿ ಕುಸಿಯುತ್ತದೆ, ಚಿಲಕಕ್ಕೆ ಕೈ ನಿಲುಕುವುದಿಲ್ಲ. 2023ರ ಜೂನ್‌ನಲ್ಲಿ ಬೆಂಗಳೂರಿನ ಹೊರವಲಯದ ಚಿಕ್ಕಜಾಲ ಬಳಿ ಯುವಜೋಡಿಯೊಂದು, 2025ರ ಅಕ್ಟೋಬರ್‌ನಲ್ಲಿ ಪಿರಿಯಾಪಟ್ಟಣದಲ್ಲಿ ಇಬ್ಬರು ಸಹೋದರಿಯರು ಸ್ನಾನಗೃಹದಲ್ಲೇ ಪ್ರಾಣ ಬಿಟ್ಟರು.

ಆದುದರಿಂದ ಗೀಸರನ್ನೂ ಸಿಲಿಂಡರನ್ನೂ ಹೊರಗೋಡೆಗೆ, ಮಳೆ ತಾಗದ ತೆರೆದ ಜಾಗದಲ್ಲಿ ಇರಿಸಿ ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತರಬೇಕು. ಪೈಪಿಗೆ ಆಗುವ ಖರ್ಚನ್ನು ನೋಡಿ ಹಿಂಜರಿಯುವ ವಿಷಯವಲ್ಲ ಇದು. ಈಗಾಗಲೇ ಒಳಗೆ ಕೂರಿಸಿದ್ದರೆ, ಅದನ್ನು ಹೊರಗೆ ಸಾಗಿಸುವವರೆಗೆ ಬಕೆಟ್ ತುಂಬಿಸಿ, ಉರಿ ಆರಿಸಿ, ಬಾಗಿಲು ತೆರೆದು ಗಾಳಿಯಾಡಿದ ಮೇಲೆ ಸ್ನಾನಕ್ಕಿಳಿಯಬೇಕು. ಜ್ವಾಲೆ ನೀಲಿ ಬಿಟ್ಟು ಹಳದಿಗೆ ತಿರುಗಿದರೆ, ಮಸಿ ಕಂಡರೆ, ಬರ್ನರ್ ಶುಚಿಯಾಗುವ ತನಕ ಗೀಸರ್ ಹಚ್ಚಬಾರದು. ಜೇಡರಬಲೆ ಕಟ್ಟಿದರೂ ಅದಕ್ಕೆ ಗಾಳಿ ಸಾಲದು. ಒಳಗಿದ್ದವರು ಕರೆದರೆ ಓಗೊಡದಿದ್ದಲ್ಲಿ ಬಾಗಿಲು ಒಡೆದು, ಉಸಿರು ಬಿಗಿಹಿಡಿದು ಅವರನ್ನು ಬಯಲಿಗೆ ಎಳೆತರಬೇಕು, ಸಿಲಿಂಡರ್ ಬಂದ್ ಮಾಡಿ 108ಕ್ಕೆ ಕರೆಮಾಡಬೇಕು. ಅನಿಲ ಸೋರಿಕೆಯ ತುರ್ತು ದೂರಿಗೆ 1906 ಇದೆ.